ಡಿಎನ್‌ಎಸ್ ಬದಲಿಸಿದ್ರೂ ಹಳೇದೇ ಓಡ್ತಿದ್ಯಾ?

ಡಿಎನ್‌ಎಸ್ ಅಂದ್ರೆ ಸೈಟಿನ ಹೆಸರು ಕೊಟ್ಟರೆ ಅದರ ಅಂಕಿಯ ವಿಳಾಸ ಹುಡುಕಿ ಕೊಡೋ ಸರ್ವರ್. ರೌಟರ್ ಸೆಟ್ಟಿಂಗ್ಸ್‌ನ ಇಂಟರ್‌ನೆಟ್ ಪುಟದಲ್ಲಿ ಹಾಕೋ ಡಿಎನ್‌ಎಸ್ ರೌಟರ್‌ಗೆ. ಡಿಎಚ್‌ಸಿಪಿ (ಮನೆಯ ಸಾಧನಗಳಿಗೆ ವಿಳಾಸ ಹಂಚೋ ವ್ಯವಸ್ಥೆ) ಪುಟದಲ್ಲಿ ಹಾಕೋದು ಮನೆಯ ಫೋನು, ಲ್ಯಾಪ್‌ಟಾಪ್‌ಗಳಿಗೆ. ಬದಲಿಸಿದ ಮೇಲೆ ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಆಮೇಲೆ ವಿಂಡೋಸ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಎನ್‌ಎಸ್‌ಲುಕಪ್’ (nslookup) ಹೊಡೆದರೆ ಯಾವ ಸರ್ವರ್ ಅಂತ ಅಲ್ಲೇ ತೋರಿಸುತ್ತೆ. 192.168.1.1 ಬಂದರೆ ಗಾಬರಿ ಬೇಡ, ರೌಟರ್ ನಡುವೆ ನಿಂತು ಕೇಳಿ ಹೇಳ್ತಿದೆ ಅಷ್ಟೇ. ಉದ್ದನೆಯ ಐಪಿವಿ6 (ಹೊಸ ಬಗೆಯ) ವಿಳಾಸ ಬಂದರೆ ಮಾತ್ರ ನೋಡಬೇಕು: ನೀವು ಹಾಕಿದ್ದು ಕ್ಲೌಡ್‌ಫ್ಲೇರ್‌ನ 1.1.1.1 ಆದರೆ ಅದು ಬರೀ ಐಪಿವಿ4ಗೆ (ಹಳೇ ಬಗೆಗೆ), ಐಪಿವಿ6ರ ಬಾಗಿಲಲ್ಲಿ ಇಂಟರ್‌ನೆಟ್ ಕಂಪನಿಯ ಡಿಎನ್‌ಎಸ್ಸೇ ಕೂತಿರಬಹುದು. ಐಪಿವಿ6 ಡಿಎನ್‌ಎಸ್ ಜಾಗದಲ್ಲಿ 2606:4700:4700::1111 ಹಾಕಿ.

ಮಕ್ಕಳಿಗಾಗಿ ವಯಸ್ಕರ ಸೈಟು ತಡೆಯೋ 1.1.1.3 ಹಾಕಿ, ಎರಡನೇ ಡಿಎನ್‌ಎಸ್‌ಗೆ ಫಿಲ್ಟರ್ ಇಲ್ಲದ ಗೂಗಲ್‌ನ 8.8.8.8 ತುಂಬೋರಿದ್ದಾರೆ. ಎರಡನೇದು ಬರೀ ಸ್ಟೆಪ್ನಿ ಅಲ್ಲ ಸ್ವಾಮಿ, ಸಿಸ್ಟಮ್ ಯಾವುದನ್ನ ಬೇಕಾದ್ರೂ ಕೇಳಬಹುದು. ಫಿಲ್ಟರ್ ಸೋರುತ್ತೆ. ಎರಡನೇದಕ್ಕೂ ಫಿಲ್ಟರ್ ಇರೋ 1.0.0.3 ಹಾಕಿ.

ಡಿಎನ್‌ಎಸ್ ಬದಲಿಸಿದರೆ ಡೌನ್‌ಲೋಡ್ ಸ್ಪೀಡ್ ಏರಲ್ಲ. ಸೈಟು ತೆರೆಯೋ ಮೊದಲ ಕ್ಷಣ ಚುರುಕಾಗಬಹುದು. ಈ ಊರಲ್ಲಿ ನೆಟ್ ನಿಧಾನ ಅಂದ್ರೆ ಎಲ್ಲರೂ ಬೈಯೋದು ಸ್ಪೀಡನ್ನೇ, ಹೆಸರು ಹುಡುಕೋ ಈ ಗುಮಾಸ್ತನ ನೆನಪು ಯಾರಿಗೂ ಇರಲ್ಲ.

ಹಾಂ, ಏರ್‌ಪೋರ್ಟ್ ವೈಫೈಯಲ್ಲಿ ಲಾಗಿನ್ ಪುಟ ಬರ್ತಿಲ್ವಾ? ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿರೋ ‘ಪ್ರೈವೇಟ್ ಡಿಎನ್‌ಎಸ್’ ಅನ್ನು ‘ಆಟೋಮ್ಯಾಟಿಕ್’ಗೆ ಹಾಕಿ ನೋಡಿ.