ಚಿಗುರಿದ ಬೇಲಿಗೆ ಕತ್ತಿ

ಹೋದ ವರ್ಷ ಜೂನ್‌ನ ಮೃಗಶಿರ ಮಳೆಗೆ ನೆಟ್ಟ ದಾಸವಾಳದ ಬೇಲಿ ಮೊಣಕಾಲುದ್ದ ಬಂದಿತ್ತು. ಸೆಪ್ಟೆಂಬರ್ ಹೊತ್ತಿನ ಹುಬ್ಬೆ ಮಳೆ ಬಿಡುವು ಕೊಟ್ಟ ಒಂದು ದಿನ ನಾನು ಅದನ್ನು ಅರ್ಧಕ್ಕೆ ಸವರುತ್ತಿದ್ದೆ. ಪಕ್ಕದ ಮನೆ ಅಕ್ಕನಿಗೆ ತಡೆಯಲಿಲ್ಲ. "ಅಲ್ಲ ಕಣೇ, ಈಗಿನ್ನೂ ಚಿಗುರ್ತಿದೆ, ಆಗ್ಲೇ ಕತ್ತಿ ಹಿಡ್ಕೊಂಡ್ಯಲ್ಲ!"

ಅವರ ಬೇಲಿ ಆಳೆತ್ತರ ಇದೆ, ಹೂವೂ ಚೆನ್ನಾಗಿ ಬಿಡುತ್ತದೆ. ಆದರೆ ಕೆಳಗಿನ ಒಂದೂವರೆ ಅಡಿ ಬರೀ ಕಡ್ಡಿ. ಅವರ ಕೋಳಿಗಳು ಅಲ್ಲಿಂದಲೇ ನುಸುಳಿ ನಮ್ಮ ಸೊಪ್ಪಿನ ಮಡಿ ಕೆದರುವುದು. ತುದಿ ಇರುವಷ್ಟು ದಿನ ಗಿಡ ಮೇಲಕ್ಕೇ ಓಡುತ್ತದೆ. ತುದಿ ಹೋದರೆ ಕೆಳಗಿನ ಗೆಣ್ಣಿನ ಕಣ್ಣುಗಳು ಒಡೆದು ಚಿಗುರುತ್ತವೆ. ಕಾಫಿ ಗಿಡದ ತುದಿ ಕತ್ತರಿಸಿ ಎತ್ತರ ನಿಲ್ಲಿಸುವುದು ಯಾಕೆ ಅಂತ ನಮ್ಮ ಮೂಡಿಗೆರೆ ಕಡೆ ಯಾರಿಗೂ ಹೇಳಿಕೊಡಬೇಕಿಲ್ಲ. ಬೇಲಿ ಅಂದರೆ ಮಾತ್ರ ಅದೇ ಜನಕ್ಕೆ ಕೈ ಬರುವುದಿಲ್ಲ.

ನೆಡುವುದರಲ್ಲಿ ದೊಡ್ಡ ವಿದ್ಯೆ ಏನಿಲ್ಲ. ಪೆನ್ಸಿಲ್ ದಪ್ಪದ ಬಲಿತ ಕಡ್ಡಿ, ಎರಡು ಗೆಣ್ಣು ಮಣ್ಣೊಳಗೆ, ಅಡಿಗೊಂದರಂತೆ ಎರಡು ಸಾಲು, ಒಂದು ಸಾಲಿನ ಸಂದಿಗೆ ಇನ್ನೊಂದು ಸಾಲಿನ ಗಿಡ.

ಆಮೇಲಿನದೇ ಕಷ್ಟ. ನಮ್ಮಲ್ಲಿ ಹೊಸ ಬೇಲಿ ಬಿಸಿಲಿಗಿಂತ ಹೆಚ್ಚಾಗಿ ನೀರಿಗೆ ಸಾಯುತ್ತದೆ. ಪುನರ್ವಸು, ಪುಷ್ಯ, ಆಶ್ಲೇಷ ಅಂತ ಜುಲೈಯಿಂದ ಆಗಸ್ಟ್ ಮಧ್ಯದವರೆಗೆ ಹಿಡಿದ ಮಳೆ ಬಿಡುವುದಿಲ್ಲ. ಸಾಲಿನ ಮೇಲ್ಬದಿಗೆ ಸಣ್ಣ ಚರಂಡಿ ತೆಗೆದು ನೀರನ್ನು ಬೇರೆ ಕಡೆ ತಿರುಗಿಸಲೇಬೇಕು. ಎಲೆ ಹಸಿರಿದೆ ಅಂತ ನಂಬಬೇಡಿ, ಕಡ್ಡಿಯಲ್ಲಿದ್ದ ರಸಕ್ಕೇ ಒಂದೆರಡು ಎಲೆ ಬಂದಿರುತ್ತದೆ. ಅನುಮಾನ ಬಂದದ್ದನ್ನು ಮೆಲ್ಲಗೆ ಎಳೆದು ನೋಡಿ. ಕೊಳೆತಿದ್ದರೆ ಸಿಪ್ಪೆ ಒದ್ದೆ ಕಾಲುಚೀಲದ ಹಾಗೆ ಕಳಚಿ ಕೈಗೆ ಬರುತ್ತದೆ, ಒಳಗಿನ ಕಟ್ಟಿಗೆ ಕಂದಾಗಿ ಹುಳಿ ವಾಸನೆ ಹೊಡೆಯುತ್ತದೆ. ಮಳೆ ಇರುವಾಗಲೇ ಆ ಜಾಗಕ್ಕೆ ಬೇರೆ ಕಡ್ಡಿ ಹಾಕಿಬಿಡಿ.

ನವೆಂಬರ್‌ನಲ್ಲಿ ಕಾಫಿ ಕುಯ್ಲು ಶುರುವಾದರೆ ಬೇಲಿ ಕಡೆ ಯಾರೂ ತಲೆ ಹಾಕುವುದಿಲ್ಲ. ಅದಕ್ಕೇ ನಾನು ಮೊದಲೇ ಬುಡಕ್ಕೆ ದರಗು, ಅಂದರೆ ಒಣ ಎಲೆ, ಹರಡಿಬಿಡುತ್ತೇನೆ, ಕಾಂಡಕ್ಕೆ ತಾಗದಂತೆ. ತಾಗಿದರೆ ಗೆದ್ದಲು ಹತ್ತುತ್ತದೆ. ಜನವರಿ ಕಳೆದ ಮೇಲೆ ವಾರಕ್ಕೊಮ್ಮೆ ಬುಡ ನೆನೆಯುವಷ್ಟು ನೀರು. ದಿನಾ ಚಿಮುಕಿಸಿದರೆ ಬೇರು ಮೇಲುಮೇಲೇ ಉಳಿಯುತ್ತದೆ.

ಬೇಸಿಗೆಯಲ್ಲಿ ದಾಸವಾಳಕ್ಕೆ ಬಿಳಿ ಹಿಟ್ಟು ತಿಗಣೆಯ ಕಾಟ. ಚಿಗುರು ಮುದುಡಿ, ಮೇಲೆ ಇರುವೆ ಸಾಲು ಕಂಡರೆ ಅದೇ. ತಿಗಣೆ ಬಿಡುವ ಸಿಹಿ ಅಂಟಿಗಾಗಿ ಇರುವೆಗಳು ಅವನ್ನು ಕಾಯುತ್ತವೆ. ಆ ತುದಿಗಳನ್ನು ಚಿವುಟಿ ಸಾಬೂನು ನೀರಿನ ಬಕೆಟ್ಟಿಗೆ ಹಾಕುತ್ತೇನೆ. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬಿದ್ದರೆ ಗಿಡ ತಾನೇ ಸುಧಾರಿಸಿಕೊಳ್ಳುತ್ತದೆ. ಮತ್ತೆ ಕತ್ತರಿಸುವಾಗ ಬುಡ ಅಗಲ, ತಲೆ ಕಿರಿದು ಇರಲಿ. ಕೆಳಗಿನ ಎಲೆಗೂ ಬೆಳಕು ಬೀಳಬೇಕಲ್ಲ.

ಇಷ್ಟೆಲ್ಲ ಯಾಕೆ, ಲಂಟಾನ ಹಾಕಿದರೆ ತಾನೇ ಬೆಳೆಯುತ್ತದಲ್ಲ ಅನ್ನುವವರಿದ್ದಾರೆ. ಹೌದು, ಬೆಳೆಯುತ್ತದೆ. ಚಂದಕ್ಕೆಂದು ಅಮೆರಿಕದ ಕಡೆಯಿಂದ ತಂದ ಗಿಡ ಈಗ ನಮ್ಮ ಕಾಡುಗಳನ್ನೇ ನುಂಗುತ್ತಿದೆ. ಹೋಂಸ್ಟೇಗಳ ಮುಂದಿನ ಹಳದಿ ಡುರಾಂಟ ಫೋಟೋಕ್ಕೆ ಸರಿ, ಕತ್ತರಿ ಕೆಳಗಿಡಲು ಮಾತ್ರ ಬಿಡುವುದಿಲ್ಲ. ಇನ್ನು ಆನೆ ಬಂದರೆ ಯಾವ ಗಿಡ ನೆಟ್ಟರೂ ಒಂದೇ, ಆ ಮಾತು ಬೇಡ.

ಈ ಮೃಗಶಿರಕ್ಕೆ ಗೇಟಿನ ಪಕ್ಕದ ಸಂದಿಗೆ ಆಡುಸೋಗೆ ಕಡ್ಡಿ ಇಡುತ್ತೇನೆ. ರಸ್ತೆಯಲ್ಲಿ ಹೋಗುವ ಆಡುಗಳು ಅಲ್ಲೇ ನಿಂತು ದಾಸವಾಳ ಬೋಳಿಸಿವೆ. ಆಡುಸೋಗೆಯ ಕಹಿಗೆ ಅವು ಬಾಯಿ ಹಾಕುವುದಿಲ್ಲ.