ಅಚ್ಚುವಿನ ತಟ್ಟೆ, ಅಡುಗೆಮನೆಯ ತಕ್ಕಡಿ

ನಮ್ಮ ಮನೆಯ ಡ್ಯಾಶ್‌ಹಂಡ್ ನಾಯಿಗೆ ಅಚ್ಚು ಎಂದು ಹೆಸರಿಟ್ಟವರು ನನ್ನ ಅಮ್ಮ. ಮಂಡ್ಯದ ಕಡೆಯ ಆಲೆಮನೆಗಳಲ್ಲಿ ಅಚ್ಚಿನಿಂದ ಆಗತಾನೆ ಬಿಡಿಸಿದ ಬೆಲ್ಲದ ಬಣ್ಣ ಅದರದು. ಕಳೆದ ವರ್ಷ ದಸರಾ ಮುಗಿದ ವಾರದಲ್ಲಿ ಮೈಸೂರಿನ ಪಶುವೈದ್ಯರೊಬ್ಬರ ಬಳಿ ಅದನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದಾಗ 8.4 ಕಿಲೋ ತೋರಿಸಿತು. ಅದರ ಮೈಕಟ್ಟಿಗೆ 7 ಕಿಲೋ ಮೀರಬಾರದೆಂದು ವೈದ್ಯರು ಹೇಳಿದರು. ಉದ್ದ ಬೆನ್ನಿನ ಈ ಜಾತಿಯಲ್ಲಿ ಬೆನ್ನುಮೂಳೆಯ ಡಿಸ್ಕ್ ಜಾರಿ ಹಿಂಗಾಲುಗಳು ಸೋಲುವುದು ಅಪರೂಪದ ಸಂಗತಿಯಲ್ಲ. ಐದಾರು ನಾಯಿಗಳಲ್ಲಿ ಒಂದಕ್ಕಾದರೂ ಜೀವಮಾನದಲ್ಲಿ ಆ ತೊಂದರೆ ಬರುತ್ತದೆ. ಮನುಷ್ಯರಿಗೆ ಒಂದೂವರೆ ಕಿಲೋ ಹೆಚ್ಚಾದರೆ ಪ್ಯಾಂಟಿನ ಗುಂಡಿ ಬಿಗಿಯಾಗುತ್ತದೆ, ಅಷ್ಟೆ. ಅಚ್ಚುವಿಗೆ ಅದು ಮೈತೂಕದ ಐದನೆಯ ಒಂದು ಭಾಗ.

ಅಲ್ಲಿಯವರೆಗೆ ಅದಕ್ಕೆ ಬೆಳಿಗ್ಗೆ ಅಂಗಡಿಯ ಒಣ ಆಹಾರವನ್ನೂ ರಾತ್ರಿ ರಾಗಿ ಮುದ್ದೆಗೆ ಮೊಸರು ಕಲಸಿಯೂ ಹಾಕುತ್ತಿದ್ದೆವು. ನಡುವೆ ಯಾರ ಕೈಯಿಂದ ಏನು ಬೀಳುತ್ತಿತ್ತೆಂಬುದಕ್ಕೆ ಲೆಕ್ಕವೇ ಇರಲಿಲ್ಲ. ಹಸಿ ಮಾಂಸದ ಆಹಾರಕ್ಕೆ ಬದಲಾಯಿಸಿ ಎಂಬ ಸಲಹೆ ಬಂದದ್ದು ನಮ್ಮ ಬಡಾವಣೆಯ ಪಾರ್ಕಿನಲ್ಲಿ ಸಂಜೆ ನಾಯಿ ಸುತ್ತಾಡಿಸುವ ಗೆಳೆಯರಿಂದ. 1990ರ ದಶಕದಲ್ಲಿ ಆಸ್ಟ್ರೇಲಿಯಾದ ಪಶುವೈದ್ಯರೊಬ್ಬರ ಮೂಲಕ ಜನಪ್ರಿಯವಾದ ಈ ಪದ್ಧತಿ ಈಗ ನಮ್ಮ ಊರಿನ ಪಾರ್ಕುಗಳವರೆಗೂ ಬಂದಿದೆ. ನಾಯಿ ತೋಳದ ವಂಶದ್ದು, ತೋಳ ಮುದ್ದೆ ತಿನ್ನುವುದಿಲ್ಲ ಎಂಬುದು ಅವರ ಮುಖ್ಯ ವಾದವಾಗಿತ್ತು.

ಈ ವಾದ ನನಗೆ ಅಂದೂ ಒಪ್ಪಿಗೆಯಾಗಲಿಲ್ಲ. 2013ರಲ್ಲಿ ಸ್ವೀಡನ್ನಿನ ಸಂಶೋಧಕರು ನಾಯಿ ಮತ್ತು ತೋಳಗಳ ಜೀನೋಮ್‌ಗಳನ್ನು ಹೋಲಿಸಿದಾಗ, ಪಿಷ್ಟವನ್ನು ಒಡೆಯುವ ಅಮೈಲೇಸ್ ಕಿಣ್ವದ ಜೀನ್ ತೋಳದಲ್ಲಿ ಎರಡೇ ಪ್ರತಿಗಳಷ್ಟಿದ್ದರೆ ನಾಯಿಗಳಲ್ಲಿ ಅದು ಹಲವು ಪಟ್ಟು ಹೆಚ್ಚಿರುವುದು ಕಂಡುಬಂತು. ಮನುಷ್ಯನ ಒಲೆಯ ಪಕ್ಕದಲ್ಲಿ ಸಾವಿರಾರು ವರ್ಷ ಕುಳಿತ ಪ್ರಾಣಿಯ ಹೊಟ್ಟೆ ಆ ಒಲೆಯ ಅಡುಗೆಗೆ ಹೊಂದಿಕೊಂಡಿದೆ. ನಮ್ಮ ಅಜ್ಜಿಯ ಮನೆಯ ನಾಯಿಗಳು ಮುದ್ದೆ ತಿಂದೇ ಹೊಲ ಕಾದವು. ಆದರೂ ನಾನು ಹಸಿ ಆಹಾರಕ್ಕೆ ಮನಸ್ಸು ಮಾಡಿದ್ದಕ್ಕೆ ಬೇರೆಯೇ ಕಾರಣವಿತ್ತು. ಮಾಂಸವನ್ನು ತೂಗಿ ಹಾಕಬೇಕು ಎಂಬ ನಿಯಮ ಆ ಪದ್ಧತಿಯಲ್ಲೇ ಇದೆ, ನಮ್ಮ ಮನೆಗೆ ಬೇಕಾಗಿದ್ದದ್ದು ಆ ನಿಯಮ.

ಹಸಿ ಆಹಾರದವರು ಬಳಸುವ ಸೂತ್ರ ಸರಳವಾಗಿದೆ. ವಯಸ್ಕ ನಾಯಿಗೆ ದಿನಕ್ಕೆ ಮೈತೂಕದ ಶೇ. 2ರಿಂದ 3ರಷ್ಟು ಆಹಾರ, ಅದರಲ್ಲಿ ಶೇ. 80 ಮಾಂಸ, ಶೇ. 10 ತಿನ್ನಬಹುದಾದ ಮೂಳೆ, ಶೇ. 5 ಲಿವರ್, ಉಳಿದ ಶೇ. 5 ಮೂತ್ರಪಿಂಡ ಅಥವಾ ಗುಲ್ಮ. ಅಚ್ಚು ಇಳಿಯಬೇಕಾದ 7 ಕಿಲೋ ತೂಕಕ್ಕೆ ಶೇ. 2.5ರಂತೆ ಲೆಕ್ಕ ಹಾಕಿದರೆ ದಿನಕ್ಕೆ 175 ಗ್ರಾಂ. ಅಂದರೆ ಮಾಂಸ 140 ಗ್ರಾಂ, ಮೂಳೆ ಹದಿನೇಳೂವರೆ ಗ್ರಾಂ, ಲಿವರ್ ಒಂಬತ್ತು ಗ್ರಾಂಗಿಂತಲೂ ಕಡಿಮೆ. ಮೂವತ್ತು ಕಿಲೋ ತೂಗುವ ಲ್ಯಾಬ್ರಡಾರ್ ಸಾಕಿದವರು ಒಂದು ತುಂಡು ಲಿವರ್ ಹೆಚ್ಚು ಹಾಕಿದರೂ ಅದು ಲೆಕ್ಕಕ್ಕೆ ಬರುವುದಿಲ್ಲ. ಅದೇ ತುಂಡು ಅಚ್ಚುವಿನ ತಟ್ಟೆಗೆ ಬಿದ್ದರೆ ಮೂರು ದಿನದ ಪಾಲು ಒಂದೇ ಹೊತ್ತಿಗೆ ಮುಗಿಯುತ್ತದೆ. ಲಿವರಿನಲ್ಲಿ ಹೇರಳವಾಗಿರುವ ಎ ಜೀವಸತ್ವ ಕೊಬ್ಬಿನಲ್ಲಿ ಕರಗಿ ದೇಹದಲ್ಲಿ ಶೇಖರವಾಗುವಂಥದ್ದು, ದಿನವೂ ಹೆಚ್ಚಾದರೆ ವಿಷವಾಗುವಂಥದ್ದು. ಕುರಿಯ ಲಿವರಿನಲ್ಲಿ ಅದು ಕೋಳಿಯ ಲಿವರಿನ ಎರಡು ಪಟ್ಟಿಗಿಂತ ಹೆಚ್ಚಿರುತ್ತದೆ. ಹೀಗಾಗಿ ನಾನು ಮಾಡಿದ ಮೊದಲ ಖರೀದಿ ಮಾಂಸವಲ್ಲ, ಒಂದು ಗ್ರಾಂವರೆಗೂ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿ.

ಆ ಶೇಕಡಾ ಸೂತ್ರಕ್ಕೆ ಒಂದು ಕುರುಡಿದೆ: ಅದಕ್ಕೆ ಕೊಬ್ಬು ಕಾಣುವುದಿಲ್ಲ. ಮೈಸೂರಿನವರು ಬನ್ನೂರು ಕುರಿ ಎಂದೂ ಮಳವಳ್ಳಿ ಕಡೆಯವರು ಬಂಡೂರು ಕುರಿ ಎಂದೂ ಕರೆಯುವ ನಮ್ಮ ನಾಡಿನ ಕುರಿಯ ಬಾಡಿಗೆ ಹೆಸರು ಬಂದಿರುವುದೇ ಮಾಂಸದೊಳಗೆ ಹರಡಿಕೊಂಡಿರುವ ಕೊಬ್ಬಿನಿಂದ. ಅದು ಬಾಡೂಟಕ್ಕೆ ಸೊಗಸು. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ನಡೆದ ಸಾಹಿತ್ಯ ಸಮ್ಮೇಳನದಲ್ಲೂ ಬಾಡೂಟ ಬೇಕೆಂದು ಹಟ ಹಿಡಿದ ಜಿಲ್ಲೆಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಕೊಬ್ಬಿನ ಕುರಿಮಾಂಸ 100 ಗ್ರಾಂಗೆ 280 ಕ್ಯಾಲೊರಿಯ ಆಸುಪಾಸಿನಲ್ಲಿದ್ದರೆ, ಚರ್ಮ ತೆಗೆದ ಕೋಳಿಯ ಎದೆಮಾಂಸ 120ನ್ನು ದಾಟುವುದಿಲ್ಲ. 7 ಕಿಲೋ ನಾಯಿಯನ್ನು ಇಳಿಸಲು ವೈದ್ಯರು ಕೊಟ್ಟ ಮಿತಿ ದಿನಕ್ಕೆ ಸುಮಾರು 300 ಕ್ಯಾಲೊರಿ. ಒಂದೇ 140 ಗ್ರಾಂ ಕುರಿಯದ್ದಾದರೆ ಮಿತಿಯನ್ನು ಮೀರುತ್ತದೆ, ಕೋಳಿಯದ್ದಾದರೆ ಮಿತಿಯ ಅರ್ಧಕ್ಕಿಂತ ತುಸು ಮೇಲಕ್ಕೆ ನಿಲ್ಲುತ್ತದೆ. ಕೊಬ್ಬು ಒಮ್ಮೆಲೇ ಹೆಚ್ಚಾದರೆ ಸಣ್ಣ ನಾಯಿಗಳಿಗೆ ಮೇದೋಜೀರಕ ಗ್ರಂಥಿಯ ಉರಿಯೂತ ಬರುವ ಭಯವೂ ಇದೆ. ಕುರಿಯನ್ನು ನಾವು ನಮಗೇ ಉಳಿಸಿಕೊಂಡೆವು.

ಬದಲಾವಣೆಗೆ ಹನ್ನೆರಡು ದಿನ ತೆಗೆದುಕೊಂಡೆವು. ಮೊದಲ ಮೂರು ದಿನ ಹಳೆಯ ಆಹಾರದ ಕಾಲು ಭಾಗವನ್ನಷ್ಟೇ ತೆಗೆದು ಅಷ್ಟು ಕೋಳಿಮಾಂಸ ಹಾಕಿದೆವು; ಆಮೇಲೆ ಅರ್ಧ, ಮುಕ್ಕಾಲು, ಕೊನೆಗೆ ಪೂರ್ತಿ. ಕೋಳಿಯೊಂದನ್ನು ಬಿಟ್ಟು ಬೇರೆ ಮಾಂಸವನ್ನು ಒಂದು ತಿಂಗಳು ಮುಟ್ಟಲಿಲ್ಲ, ಏಕೆಂದರೆ ಹೊಟ್ಟೆ ಕೆಟ್ಟರೆ ಯಾವುದರಿಂದ ಕೆಟ್ಟಿತೆಂದು ತಿಳಿಯಬೇಕಲ್ಲ. ಐದನೆಯ ದಿನ ಬೆಳಗಿನ ಜಾವ ಅಚ್ಚು ಹಳದಿ ನೊರೆಯನ್ನು ಕಾರಿಕೊಂಡಿತು. ಅದು ಖಾಲಿ ಹೊಟ್ಟೆಯ ಪಿತ್ತವೆಂದೂ ರಾತ್ರಿಯ ಊಟವನ್ನು ತಡಮಾಡಿ ಹಾಕಬೇಕೆಂದೂ ವೈದ್ಯರು ಹೇಳಿದ ಮೇಲೆ ಆ ತೊಂದರೆ ಮತ್ತೆ ಬರಲಿಲ್ಲ. ಎರಡನೆಯ ವಾರದಲ್ಲಿ ನಾನು ಮೂಳೆಯ ಉತ್ಸಾಹದಲ್ಲಿ ದಿನಕ್ಕೆರಡು ಕೋಳಿ ಕುತ್ತಿಗೆ ಹಾಕಿದೆ. ಮೂರನೆಯ ದಿನಕ್ಕೆ ಮಲ ಸುಣ್ಣದ ಉಂಡೆಯಂತೆ ಬಿಳಿಯಾಗಿ ಪುಡಿಯಾಗತೊಡಗಿತು, ನಾಯಿ ಅಂಗಳದಲ್ಲಿ ಬೆನ್ನು ಬಾಗಿಸಿ ತಿಣುಕುತ್ತ ನಿಂತಿತು. ಮಲ ಬೆಳ್ಳಗಾದರೆ ಮೂಳೆ ಹೆಚ್ಚು, ಕಪ್ಪಾಗಿ ಸಡಿಲವಾದರೆ ಲಿವರ್ ಹೆಚ್ಚು ಎಂಬುದು ಹಸಿ ಆಹಾರದವರೆಲ್ಲರಿಗೂ ಗೊತ್ತಿರುವ ಪಾಠ. ನಾನು ಅದನ್ನು ಅಂಗಳದಲ್ಲಿ ಕಲಿತೆ.

ಕುತ್ತಿಗೆಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಒಂದು ಸಂಜೆ ಅಚ್ಚು ಕುತ್ತಿಗೆಯ ತುಂಡನ್ನು ಅಗಿಯದೆ ಇಡಿಯಾಗಿ ನುಂಗಲು ಹೋಗಿ ಗಂಟಲಿಗೆ ಸಿಕ್ಕಿಸಿಕೊಂಡಿತು, ನಾನು ಎರಡು ಬೆರಳು ಹಾಕಿ ಹೊರಗೆಳೆದೆ. ಬೇಯಿಸಿದ ಮೂಳೆ ಸೀಳಿ ಚುಚ್ಚುತ್ತದೆ, ಹಸಿ ಮೂಳೆ ಮೆತ್ತಗಿರುತ್ತದೆ ಎಂಬ ಮಾತು ನಿಜ. ಆದರೆ ಮೆತ್ತಗಿನದೂ ಸಣ್ಣ ಗಂಟಲಿಗೆ ಅಡ್ಡ ಬರಬಹುದು. ಆ ರಾತ್ರಿ ಓದುತ್ತ ಕುಳಿತಾಗ ಇನ್ನೊಂದು ಸಂಗತಿ ತಿಳಿಯಿತು. 2018ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದ ಪಶುವೈದ್ಯರು ಪ್ರಕಟಿಸಿದ ಅಧ್ಯಯನವೊಂದು, ನಾಯಿಗಳಲ್ಲಿ ಹಿಂಗಾಲುಗಳಿಂದ ಆರಂಭವಾಗಿ ಮೇಲೇರುವ ಒಂದು ಬಗೆಯ ನರಗಳ ಪಾರ್ಶ್ವವಾಯುವಿಗೂ ಹಸಿ ಕೋಳಿಮಾಂಸದಲ್ಲಿರುವ ಕ್ಯಾಂಪೈಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಕ್ಕೂ ನಂಟಿರುವುದನ್ನು ತೋರಿಸಿತು. ಕೋಳಿ ಕುತ್ತಿಗೆಯನ್ನು ಆ ಸಂಶೋಧಕರು ಹೆಸರಿಸಿಯೇ ಎಚ್ಚರಿಸಿದ್ದರು. ಹಿಂಗಾಲು ಸೋಲದಿರಲಿ ಎಂದು ತೂಕ ಇಳಿಸಲು ಹೊರಟವರು ಹಿಂಗಾಲಿಗೇ ಅಪಾಯ ತರುವುದನ್ನು ತಟ್ಟೆಗೆ ಹಾಕುತ್ತಿದ್ದೆವು. ಕೋಳಿ ತಿಂದ ನಾಯಿಗಳಿಗೆಲ್ಲ ಹೀಗಾಗುವುದಿಲ್ಲ, ನಿಜ. ಆದರೆ ಡ್ಯಾಶ್‌ಹಂಡ್ ಒಂದು ದಿನ ಹಿಂಗಾಲು ಎಳೆದರೆ ಅದು ಡಿಸ್ಕಿನ ತೊಂದರೆಯೋ ನರದ ತೊಂದರೆಯೋ ಎಂದು ಗೊಂದಲಪಡುವ ಸ್ಥಿತಿ ನನಗೆ ಬೇಡವಾಗಿತ್ತು. ಮರುದಿನವೇ ಕುತ್ತಿಗೆ ನಿಂತಿತು.

ಮೂಳೆ ನಿಂತರೆ ಕ್ಯಾಲ್ಸಿಯಂ ಎಲ್ಲಿಂದ ಬರಬೇಕು? ಮಾಂಸದಲ್ಲಿ ರಂಜಕ ಧಾರಾಳವಾಗಿಯೂ ಕ್ಯಾಲ್ಸಿಯಂ ಅತ್ಯಲ್ಪವಾಗಿಯೂ ಇರುತ್ತದೆ; ಬರೀ ಮಾಂಸ ತಿಂದ ನಾಯಿಯ ದೇಹ ಆ ಕೊರತೆಯನ್ನು ತನ್ನದೇ ಮೂಳೆಗಳಿಂದ ಕ್ಯಾಲ್ಸಿಯಂ ಕಿತ್ತು ತುಂಬಿಕೊಳ್ಳುತ್ತದೆ. ವಯಸ್ಕ ನಾಯಿಗೆ 1000 ಕ್ಯಾಲೊರಿ ಆಹಾರಕ್ಕೆ ಕನಿಷ್ಠ 1.25 ಗ್ರಾಂ ಕ್ಯಾಲ್ಸಿಯಂ ಇರಬೇಕೆಂಬುದು ಅಮೆರಿಕದ ಪ್ರಾಣಿ ಆಹಾರದ ಮಾನದಂಡ. ಅಚ್ಚುವಿನ 300 ಕ್ಯಾಲೊರಿಗೆ ಅದು 375 ಮಿಲಿಗ್ರಾಂ ಆಗುತ್ತದೆ. ಮೊಟ್ಟೆಯ ಚಿಪ್ಪಿನ ಒಂದು ಗ್ರಾಂ ಪುಡಿಯಲ್ಲಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಚಿಪ್ಪುಗಳನ್ನು ತೊಳೆದು, ಹತ್ತು ನಿಮಿಷ ಕುದಿಸಿ, ಒಣಗಿಸಿ, ಮಿಕ್ಸಿಯಲ್ಲಿ ಮೈದಾದಷ್ಟು ನುಣ್ಣಗೆ ಮಾಡಿ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ. ರಾಗಿಯಲ್ಲಿ ಕ್ಯಾಲ್ಸಿಯಂ ಇದೆಯಲ್ಲ ಎಂದು ಅಮ್ಮ ಕೇಳಿದರು. ಇದೆ, 100 ಗ್ರಾಂ ಹಿಟ್ಟಿನಲ್ಲಿ ಸುಮಾರು 340 ಮಿಲಿಗ್ರಾಂ. ಧಾನ್ಯಗಳಲ್ಲಿ ಅದರ ಸಮಕ್ಕೆ ಬರುವುದು ಬೇರೊಂದಿಲ್ಲ. ಆದರೆ ಅಷ್ಟು ರಾಗಿ ತಿಂದರೆ ಅಚ್ಚುವಿಗೆ ಆ ದಿನದ ಕ್ಯಾಲೊರಿಯೆಲ್ಲ ಮುಗಿದುಹೋಗುತ್ತದೆ. ಸತು, ಅಯೋಡಿನ್, ಇ ಜೀವಸತ್ವಗಳ ಕೊರತೆಗೆ ವೈದ್ಯರು ಬರೆದುಕೊಟ್ಟ ಪುಡಿಯೊಂದನ್ನು ಬೆರೆಸುತ್ತೇವೆ. ಮನೆಯಲ್ಲಿ ಕಲಸಿದ ಹಸಿ ಆಹಾರ ತಾನಾಗಿಯೇ ಪರಿಪೂರ್ಣವೆಂದು ಯಾರಾದರೂ ಹೇಳಿದರೆ ನಾನು ಈಗ ನಂಬುವುದಿಲ್ಲ.

ಇಡೀ ವಿಷಯದಲ್ಲಿ ನನ್ನನ್ನು ಅತಿ ಹೆಚ್ಚು ಎಚ್ಚರಿಸಿದ್ದು ಕುರಿಯ ಲಿವರ್. ಮಾಂಸದ ಅಂಗಡಿಯವರು ನೀರುಗುಳ್ಳೆಗಳಿರುವ ಲಿವರ್ ಮತ್ತು ಶ್ವಾಸಕೋಶದ ತುಂಡುಗಳನ್ನು ಪಕ್ಕಕ್ಕೆ ಎಸೆಯುವುದನ್ನೂ ಬೀದಿನಾಯಿಗಳು ಅವಕ್ಕೆ ಕಾದು ಕುಳಿತಿರುವುದನ್ನೂ ನಾವೆಲ್ಲ ನೋಡಿದ್ದೇವೆ. ಆ ಗುಳ್ಳೆಗಳು ಎಕಿನೊಕಾಕಸ್ ಎಂಬ ಲಾಡಿಹುಳುವಿನ ಮರಿಗಳ ಚೀಲವಾಗಿರಬಹುದು. ನಾಯಿ ಅದನ್ನು ಹಸಿಯಾಗಿ ತಿಂದರೆ ಸುಮಾರು ಆರು ವಾರಗಳಲ್ಲಿ ಅದರ ಕರುಳಿನಲ್ಲಿ ಹುಳು ಬೆಳೆದು ಮೊಟ್ಟೆಗಳು ಮಲದಲ್ಲಿ ಹೊರಬೀಳುತ್ತವೆ. ನಾಯಿಗೆ ಏನೂ ಆಗುವುದಿಲ್ಲ, ಮೈ ಮಿಂಚುತ್ತಲೇ ಇರುತ್ತದೆ. ಅದರ ಮೈ ಸವರಿದ ಕೈಯಿಂದ ಮೊಟ್ಟೆ ಮನುಷ್ಯನ ಹೊಟ್ಟೆ ಸೇರಿದರೆ ವರ್ಷಗಳ ನಂತರ ಅವನ ಲಿವರಿನಲ್ಲಿ ಹೈಡಾಟಿಡ್ ಗಡ್ಡೆಯಾಗಿ ಕಾಣಿಸಿಕೊಳ್ಳುತ್ತದೆ. ನಮ್ಮಲ್ಲಿ ಹಸಿ ಆಹಾರದ ಬಗ್ಗೆ ಮಾತಾಡುವವರು ಕೋಳಿಯ ಬ್ಯಾಕ್ಟೀರಿಯಾದ ಬಗ್ಗೆ ಒಂದು ಮಾತಾದರೂ ಆಡುತ್ತಾರೆ. ಈ ಹುಳುವಿನ ಬಗ್ಗೆ ಒಬ್ಬರೂ ನನಗೆ ಹೇಳಲಿಲ್ಲ. ನಮ್ಮ ಮನೆಯಲ್ಲಿ ಲಿವರೂ ಮೂತ್ರಪಿಂಡವೂ ಚೆನ್ನಾಗಿ ಬೆಂದೇ ತಟ್ಟೆಗೆ ಬರುತ್ತವೆ, ಪ್ರಾಜಿಕ್ವಾಂಟೆಲ್ ಇರುವ ಜಂತುಹುಳುವಿನ ಮಾತ್ರೆಯನ್ನು ವೈದ್ಯರು ಹೇಳಿದ ಗಡುವಿಗೆ ತಪ್ಪದೆ ಕೊಡುತ್ತೇವೆ.

ಇನ್ನು ಬ್ಯಾಕ್ಟೀರಿಯಾ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2010ರಿಂದ 2012ರವರೆಗೆ ಪರೀಕ್ಷಿಸಿದ ಸಾಕುಪ್ರಾಣಿಗಳ ಹಸಿ ಆಹಾರದ 196 ಮಾದರಿಗಳಲ್ಲಿ 15ರಲ್ಲಿ ಸಾಲ್ಮೊನೆಲ್ಲಾ, 32ರಲ್ಲಿ ಲಿಸ್ಟೀರಿಯಾ ಸಿಕ್ಕಿದವು. ಫ್ರೀಜರಿನ ಚಳಿ ಇವುಗಳನ್ನು ಮಲಗಿಸುತ್ತದೆಯೇ ಹೊರತು ಕೊಲ್ಲುವುದಿಲ್ಲ. ಎಪ್ಪತ್ತು ದಾಟಿದ ಅಮ್ಮ ಇರುವ ಮನೆಯಲ್ಲಿ ಇದು ನಾಯಿಯ ಹೊಟ್ಟೆಯ ವಿಷಯ ಮಾತ್ರವಲ್ಲ. ಅಚ್ಚುವಿನ ಪಲಗೆ, ಚಾಕು, ಸ್ಟೀಲಿನ ತಟ್ಟೆ ಎಲ್ಲ ಬೇರೆ. ಅವುಗಳನ್ನು ತೊಳೆಯುವುದು ಹಿತ್ತಿಲಿನ ನಲ್ಲಿಯಲ್ಲಿ. ತಂಗಿ ತನ್ನ ಕೂಸಿನೊಂದಿಗೆ ಬಾಣಂತನಕ್ಕೆ ಬಂದಿದ್ದ ಮೂರು ತಿಂಗಳು ಹಸಿಯ ಮಾತೇ ಇರಲಿಲ್ಲ, ಅಷ್ಟೂ ಮಾಂಸವನ್ನು ಬೇಯಿಸಿಯೇ ಹಾಕಿದೆವು. 2020ರ ಮಾರ್ಚಿನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ಪತ್ತೆಯಾಗಿ ಸುತ್ತಲಿನ ಕೋಳಿಗಳನ್ನೆಲ್ಲ ಕೊಂದದ್ದು ಈ ಊರಿನವರಿಗೆ ನೆನಪಿರಬೇಕು. ಅಂಥ ಸುದ್ದಿ ಮತ್ತೆ ಬಂದ ದಿನವೂ ಒಲೆ ಹಚ್ಚುವುದೆಂದು ನಿರ್ಧರಿಸಿದ್ದೇನೆ. ಒಟ್ಟಿನಲ್ಲಿ ನಮ್ಮ ಹಸಿ ಆಹಾರದಲ್ಲಿ ಹಸಿಯಾಗಿ ಉಳಿದಿರುವುದು ಕೋಳಿಯ ಮಾಂಸವೊಂದೇ. ಅದನ್ನೂ ಬೇಯಿಸಿಬಿಡಿ, ಏನೂ ಕಳೆದುಕೊಳ್ಳುವುದಿಲ್ಲ ಎಂದು ವೈದ್ಯರು ಪ್ರತಿ ಭೇಟಿಯಲ್ಲೂ ಹೇಳುತ್ತಾರೆ, ಅವರ ಮಾತಿಗೆ ನನ್ನ ಬಳಿ ಗಟ್ಟಿಯಾದ ಉತ್ತರವಿಲ್ಲ.

ದಿನಸಿಯ ಕಡೆಯಿಂದ ಕಷ್ಟ ಕಡಿಮೆ. ಭಾನುವಾರ ಮಾಂಸ ತಂದು, ತೂಗಿ, ಏಳು ಡಬ್ಬಿಗಳಲ್ಲಿ ಫ್ರೀಜರಿಗೆ ಸೇರಿಸುತ್ತೇನೆ; ಮರುದಿನದ ಡಬ್ಬಿ ಹಿಂದಿನ ರಾತ್ರಿ ಫ್ರಿಜ್ಜಿನ ಕೆಳತಟ್ಟಿಗೆ ಇಳಿಯುತ್ತದೆ. ಗಾಂಧಿ ಜಯಂತಿ, ಮಹಾವೀರ ಜಯಂತಿಗಳಂದು ಮಾಂಸದಂಗಡಿ ಮುಚ್ಚಿರುವುದು ಮುಂಚೆಯೇ ಗೊತ್ತಿರುತ್ತದೆ. ಸಿಕ್ಕಿಬಿದ್ದದ್ದು ಹೊಸತೊಡಕಿನಂದು. ಯುಗಾದಿಯ ಮರುದಿನ ಬೆಳಗಿನ ಐದಕ್ಕೇ ಕುರಿಮಾಂಸದ ಮುಂದೆ ಸಾಲು ನಿಂತಿರುತ್ತದೆಂದು ಗೊತ್ತಿದ್ದೂ, ಕೋಳಿಗೂ ಅಷ್ಟೇ ಸಾಲಿರುತ್ತದೆಂದು ನನಗೆ ಹೊಳೆದಿರಲಿಲ್ಲ. ಒಂದೂವರೆ ಗಂಟೆ ನಿಂತು ನನ್ನ ಸರದಿ ಬಂದಾಗ ಚರ್ಮ, ಕೊಬ್ಬು ತೆಗೆದು ಒಂದು ಕಿಲೋ ಎದೆಮಾಂಸ ಬೇಕೆಂದೆ. ಹಬ್ಬದ ದಿನ ಯಾರು ಇದನ್ನು ತಿನ್ನುತ್ತಾರೆ ಎಂದು ಅಂಗಡಿಯವನು ಕೇಳಿದ. ಉತ್ತರ ಹೇಳಿದಾಗ ಹಿಂದೆ ನಿಂತಿದ್ದವರಿಗೆ ನಗು ಬಂತು.

ಆ ವಾರವೇ ವೈದ್ಯರ ಯಂತ್ರದ ಮೇಲೆ ಅಚ್ಚು 7.1 ಕಿಲೋ ತೂಗಿತು. ಮಲ ಮೊದಲಿನ ಅರ್ಧದಷ್ಟಾಗಿದೆ. ನಾರಿನಂಶ ಕಡಿಮೆಯಾದ ಊಟಕ್ಕೆ ಅದು ಸಹಜ. ಹಲ್ಲಿಗೆ ಹಸಿ ಆಹಾರದಿಂದ ಆದ ಲಾಭ ನನಗೆ ಕಾಣಲಿಲ್ಲ, ಈಗಲೂ ಬ್ರಷ್ ಹಾಕುತ್ತೇನೆ. ಪಾರ್ಕಿನ ಗೆಳೆಯರು ಇಳಿದ ತೂಕದ ಕೀರ್ತಿಯನ್ನು ಹಸಿ ಮಾಂಸಕ್ಕೆ ಕೊಡುತ್ತಾರೆ. ಅದು ತಕ್ಕಡಿಗೆ ಸೇರಬೇಕೆಂದು ನಾನು ಹೇಳುತ್ತೇನೆ: ಅದೇ 300 ಕ್ಯಾಲೊರಿಯನ್ನು ಒಣ ಆಹಾರದಲ್ಲಿ ಅಷ್ಟೇ ಕಟ್ಟುನಿಟ್ಟಾಗಿ ತೂಗಿ ಹಾಕಿದ್ದರೂ ನಾಯಿ ಇಳಿಯುತ್ತಿತ್ತು.

ಅಮ್ಮನಿಗೆ ಸೋಮವಾರ, ಶನಿವಾರ ಮಾಂಸದ ವಾಸನೆ ಆಗದು. ಆ ಎರಡು ದಿನ ಅಚ್ಚುವಿನ ಡಬ್ಬಿಯನ್ನು ಹಿತ್ತಿಲಿನಲ್ಲೇ ಬಿಚ್ಚುತ್ತೇನೆ. ರಾತ್ರಿ ಅಮ್ಮ ಮುದ್ದೆ ಕಟ್ಟುವಾಗ ಅದು ಒಲೆಯ ಪಕ್ಕಕ್ಕೆ ಹೋಗಿ ಕೂರುತ್ತದೆ, ಅವರು ನಿಂಬೆಹಣ್ಣಿನ ಗಾತ್ರದ ಉಂಡೆಯೊಂದನ್ನು ಚಿವುಟಿ, ನನ್ನ ಮುಖ ನೋಡಿ, ಅದನ್ನು ಮೊದಲು ತಕ್ಕಡಿಯ ಮೇಲೆ ಇಡುತ್ತಾರೆ. ಮೊನ್ನೆ 31 ಗ್ರಾಂ ಬಂತು. ಹತ್ತು ಗ್ರಾಂ ತೆಗೆಯಿರಿ ಎಂದೆ. ಅವರು ಐದು ತೆಗೆದರು.