ಗುಡ್ಡ ನುಂಗಿದ ಇಪ್ಪತ್ತು ನಿಮಿಷ

ಶೀಗೆ ಹುಣ್ಣಿಮೆಯಿಂದ ಹೋಳಿ ಹುಣ್ಣಿಮೆಯವರೆಗೆ ಆರು ಹುಣ್ಣಿಮೆಗಳು ಕಳೆದವು. ಮೆಮೊರಿ ಕಾರ್ಡಿನಲ್ಲಿ ಸಾವಿರಕ್ಕೂ ಮಿಕ್ಕಿ ಚಿತ್ರಗಳಿವೆ. ಗೋಡೆಗೆ ಹಾಕಬಹುದಾದವು ಎರಡು. ಕಾರವಾರದ ಊರು, ಹೊಳೆ, ಕಡಲು ಇವುಗಳ ಜೊತೆಗೆ ಚಂದ್ರನನ್ನು ಒಂದೇ ಕ್ಲಿಕ್ಕಿನಲ್ಲಿ ಹಿಡಿಯಬೇಕು, ಬೇರೆ ಚಿತ್ರದಿಂದ ಚಂದ್ರನನ್ನು ಕತ್ತರಿಸಿ ತಂದು ಅಂಟಿಸಬಾರದು ಎಂದು ನಾನೇ ಹಾಕಿಕೊಂಡ ನಿಯಮ. ಮೊಬೈಲಿನಲ್ಲಿ ಹರಿದಾಡುವ, ತೆಂಗಿನ ಮರದ ಪಕ್ಕದಲ್ಲಿ ತೇರಿನ ಗಾಲಿಯಷ್ಟು ದೊಡ್ಡ ಚಂದ್ರನ ಚಿತ್ರಗಳನ್ನು ನೋಡಿ ಬಂದ ಹಠ ಇದು. ಅಂಥ ಗಾತ್ರ ಸುಳ್ಳೇ ಆಗಬೇಕೆಂದಿಲ್ಲ. ಆಕಾಶದಲ್ಲಿ ಚಂದ್ರ ಅರ್ಧ ಡಿಗ್ರಿಯಷ್ಟೇ ಅಗಲ. ನಿಮ್ಮಿಂದ ಒಂದು ಕಿಲೋಮೀಟರ್ ದೂರದಲ್ಲಿರುವ ಒಂಬತ್ತು ಮೀಟರ್ ವಸ್ತುವಿಗೆ ಅವನು ಸರಿಸಮ. ಇಪ್ಪತ್ತು ಮೀಟರ್ ಎತ್ತರದ ತೆಂಗಿನ ಮರದಷ್ಟು ದೊಡ್ಡವನಾಗಿ ಕಾಣಬೇಕಾದರೆ ಆ ಮರದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದು, ದೂರದ ಲೆನ್ಸ್ ಹಾಕಬೇಕು. ಬಹಳ ಜನ ಹಿಂದೆ ಸರಿಯುವುದಿಲ್ಲ, ಅಂಟಿಸುತ್ತಾರೆ.

ನನ್ನ ಬಳಿ ಇರುವುದು ಹಳೆಯ ಡಿಎಸ್‌ಎಲ್‌ಆರ್, 18-55 ಮತ್ತು 70-300 ಮಿ.ಮೀ.ನ ಎರಡು ಲೆನ್ಸ್, ಒಂದು ಟ್ರೈಪಾಡ್. 300 ಮಿ.ಮೀ.ಗೆ ಎಳೆದರೂ, ಕ್ಯಾಮೆರಾದೊಳಗೆ ಚಿತ್ರ ಮೂಡುವ ಸಂವೇದಕದ ಮೇಲೆ ಚಂದ್ರ ಬೀಳುವುದು ಮೂರು ಮಿಲಿಮೀಟರಿಗಿಂತ ಕಡಿಮೆ. ಲೆನ್ಸಿನ ಮಿ.ಮೀ. ಸಂಖ್ಯೆಯನ್ನು 110ರಿಂದ ಭಾಗಿಸಿದರೆ ಈ ಅಳತೆ ಸಿಗುತ್ತದೆ. ಅದಕ್ಕಿಂತ ದೊಡ್ಡ ಲೆನ್ಸ್ ಕೊಳ್ಳುವ ಯೋಚನೆ ಸದ್ಯಕ್ಕಿಲ್ಲ.

ಶೀಗೆ ಹುಣ್ಣಿಮೆ. ಕೋಡಿಬಾಗದಲ್ಲಿ, ಕಾಳಿ ನದಿಯ ಅಳಿವೆಯ ಮರಳಿನ ಮೇಲೆ ಪೂರ್ವಕ್ಕೆ ಮುಖ ಮಾಡಿ ನಿಂತೆ. ಎದುರಿಗೆ ಹೆದ್ದಾರಿಯ ಸೇತುವೆ, ಅದರ ಬೆನ್ನಿಗೆ ಸಹ್ಯಾದ್ರಿಯ ಸಾಲು. ನನ್ನ ಹಳೆಯ ಚಿತ್ರಗಳಲ್ಲಿ ಇಲ್ಲಿ ಎರಡು ಸೇತುವೆಗಳಿವೆ. 2024ರ ಆಗಸ್ಟ್‌ನಲ್ಲಿ ಹಳೆಯದು ಕುಸಿದು ಈಗ ಚೌಕಟ್ಟು ಹಗುರವಾಗಿದೆ, ಆ ಹಗುರ ಯಾರಿಗೂ ಬೇಕಿರಲಿಲ್ಲ. ಸೂರ್ಯ ಮುಳುಗುವ ಹೊತ್ತಿಗೇ ಚಂದ್ರೋದಯ ಎಂದು ಮೊಬೈಲ್ ಆ್ಯಪ್ ಹೇಳಿತ್ತು. ಸೂರ್ಯ ಮುಳುಗಿದ. ಚಂದ್ರ ಬರಲಿಲ್ಲ. ಹತ್ತು ನಿಮಿಷ, ಹದಿನೈದು ನಿಮಿಷ. ಸೇತುವೆಯ ದೀಪಗಳು ಹೊತ್ತಿದವು, ಗುಡ್ಡದ ಹಸಿರು ಕಪ್ಪಾಯಿತು, ಸೊಳ್ಳೆಗಳು ಬಂದವು. ಕೊನೆಗೆ ಗುಡ್ಡದ ನೆತ್ತಿಯಿಂದ ಚಂದ್ರ ತಲೆ ಎತ್ತಿದಾಗ ಸುತ್ತ ರಾತ್ರಿ. ಸೇತುವೆ ಕಾಣುವಂತೆ ತೆಗೆದರೆ ಚಂದ್ರ ಕರಿಬಟ್ಟೆಯ ಮೇಲಿಟ್ಟ ಇಡ್ಲಿ. ಚಂದ್ರನ ಕಲೆಗಳು ಕಾಣುವಂತೆ ತೆಗೆದರೆ ಸೇತುವೆ ಇಲ್ಲವೇ ಇಲ್ಲ.

ಇದಕ್ಕೆ ಕ್ಯಾಮೆರಾ ಹೊಣೆಯಲ್ಲ. ನಮಗೆ ರಾತ್ರಿಯಾಗಿದ್ದರೂ ಚಂದ್ರನ ಮೇಲೆ ಬೀಳುತ್ತಿರುವುದು ಹಾಡಹಗಲಿನ ಬಿಸಿಲು. ಆ ಬಿಸಿಲು ಹುಣ್ಣಿಮೆಯ ಬೆಳದಿಂಗಳಿಗಿಂತ ಸುಮಾರು 4 ಲಕ್ಷ ಪಟ್ಟು ಪ್ರಖರ. ಬಿಸಿಲಿನಲ್ಲಿರುವ ವಸ್ತುವನ್ನೂ ಬೆಳದಿಂಗಳಿನಲ್ಲಿರುವ ವಸ್ತುವನ್ನೂ ಒಂದೇ ಚೌಕಟ್ಟಿನಲ್ಲಿ ಕೂರಿಸಲು ಯಾವ ಸಂವೇದಕಕ್ಕೂ ಸಾಧ್ಯವಿಲ್ಲ. ನೆಲದ ಮೇಲೆ ಇನ್ನೂ ಒಂದಿಷ್ಟು ಹಗಲು ಉಳಿದಿರುವಾಗಲೇ ಚಂದ್ರ ಬರಬೇಕು. ಅಂದರೆ ಸೂರ್ಯಾಸ್ತದ ಆಚೀಚೆಯ ಕಾಲು ಗಂಟೆ.

ನಾಲ್ಕು ದಿನ ಬಿಟ್ಟು ಸಂಕಷ್ಟಿ. ಆಯಿಗೆ ಉಪವಾಸ, ಚಂದ್ರನನ್ನು ನೋಡಿಯೇ ಊಟ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಚಂದ್ರೋದಯದ ಸಮಯ ಅಚ್ಚಾಗಿತ್ತು. ಆ ಸಮಯ ಮೀರಿದರೂ ಆಯಿ ಅಂಗಳಕ್ಕೆ ಹೋಗದೆ ನಿಧಾನವಾಗಿ ಅಕ್ಕಿ ತೊಳೆಯುತ್ತಿದ್ದಳು. ‘ಹೊತ್ತಾಯಿತಲ್ಲ’ ಎಂದೆ. ‘ಕ್ಯಾಲೆಂಡರ್ ಬರೆದವನ ಮನೆಯ ಮುಂದೆ ಗುಡ್ಡ ಇಲ್ಲ. ಇಲ್ಲಿ ಇಪ್ಪತ್ತು ನಿಮಿಷ ಕೂಡಿಸಬೇಕು. ಅಷ್ಟರಲ್ಲಿ ಅನ್ನ ಆಗುತ್ತದೆ’ ಎಂದಳು. ನಲವತ್ತು ವರ್ಷಗಳಿಂದ ಈ ಮನೆಯಲ್ಲಿ ಇದ್ದ ಮಾಹಿತಿ. ನಾನು ಕೇಳಿರಲಿಲ್ಲ, ಅವಳಿಗೆ ಹೇಳಬೇಕೆನಿಸಿರಲಿಲ್ಲ.

ಆ ರಾತ್ರಿ ಕುಳಿತು ಲೆಕ್ಕ ಹಾಕಿದೆ. ಚಂದ್ರ ಗಂಟೆಗೆ ಹದಿನಾಲ್ಕು ಡಿಗ್ರಿಯಷ್ಟು ಏರುತ್ತಾನೆ, ಇಪ್ಪತ್ತು ನಿಮಿಷಕ್ಕೆ ನಾಲ್ಕೂವರೆ ಡಿಗ್ರಿ. ನಮ್ಮ ಗುಡ್ಡದ ಸಾಲಿನ ಎತ್ತರ ಅಷ್ಟು. ಇನ್ನೊಂದು ಕಡೆ, ಕಾರವಾರ ಇರುವುದು ಭೂಮಧ್ಯರೇಖೆಯಿಂದ 15 ಡಿಗ್ರಿಗಿಂತ ಕಡಿಮೆ ದೂರದಲ್ಲಿ. ಇಲ್ಲಿ ಸೂರ್ಯ ಓರೆಯಾಗಿ ಜಾರುವುದಿಲ್ಲ, ಹೆಚ್ಚುಕಡಿಮೆ ನೆಟ್ಟಗೆ ಮುಳುಗುತ್ತಾನೆ. ಅವನು ದಿಗಂತದಿಂದ ಆರು ಡಿಗ್ರಿ ಕೆಳಗಿಳಿದರೆ ಮುಸ್ಸಂಜೆಯ ಬೆಳಕು ಮುಗಿದಂತೆ, ಅದಕ್ಕೆ ಇಪ್ಪತ್ತೆರಡು ನಿಮಿಷ ಸಾಕು. ಯುರೋಪಿನವರು ಬರೆದ ಪಾಠಗಳಲ್ಲಿ ಮುಕ್ಕಾಲು ಗಂಟೆ ಹಿಗ್ಗುವ ಮುಸ್ಸಂಜೆ ನಮಗೆ ಇಲ್ಲ. ಇರುವ ಇಪ್ಪತ್ತೆರಡರಲ್ಲಿ ಇಪ್ಪತ್ತನ್ನು ಗುಡ್ಡ ನುಂಗುತ್ತದೆ. ಹುಣ್ಣಿಮೆಯ ಸಂಜೆ ನಾನು ಸೋತದ್ದು ಹೀಗೆ.

ಪರಿಹಾರ ಪಂಚಾಂಗದಲ್ಲೇ ಇತ್ತು. ಒಂದು ತಿಥಿ ಎಂದರೆ ಚಂದ್ರ ಸೂರ್ಯನಿಂದ ಹನ್ನೆರಡು ಡಿಗ್ರಿ ಸರಿಯುವ ಕಾಲ. ಹಾಗಾಗಿಯೇ ಚಂದ್ರೋದಯ ದಿನಕ್ಕೆ ಸರಾಸರಿ 50 ನಿಮಿಷ ತಡವಾಗುವುದು. ಹುಣ್ಣಿಮೆಯ ತಿಥಿ ಮುಗಿಯುವ ಗಳಿಗೆಯೇ ಚಂದ್ರ ಸೂರ್ಯನಿಗೆ ನೇರ ಎದುರಾಗುವ ಗಳಿಗೆ. ಅದು ಬೆಳಿಗ್ಗೆ ಬಿದ್ದರೆ, ಹಿಂದಿನ ಸಂಜೆ ಚಂದ್ರ ಸೂರ್ಯಾಸ್ತಕ್ಕಿಂತ ಸುಮಾರು ಇಪ್ಪತ್ತೈದು ನಿಮಿಷ ಮೊದಲೇ ಹುಟ್ಟಿರುತ್ತಾನೆ. ಗುಡ್ಡದ ಬಾಕಿ ತೀರಿಸಿ ಹೊರಬರುವಾಗ ಸೂರ್ಯ ಆಗಷ್ಟೇ ಕಡಲಿಗಿಳಿಯುತ್ತಿರುತ್ತಾನೆ. ಈಗ ಆ್ಯಪ್ ತೆರೆಯುವ ಮೊದಲು ತಿಥಿಯ ಅಂತ್ಯ ನೋಡುತ್ತೇನೆ.

ಗೌರಿ ಹುಣ್ಣಿಮೆ. ಸಮಯ ಈ ಸಲ ಸರಿಯಾಯಿತು, ಜಾಗ ತಪ್ಪಿತು. ಸೇತುವೆಯ ಒಂದು ದೀಪದ ಕಂಬವನ್ನು ಗುರುತಿಟ್ಟುಕೊಂಡು, ಆ್ಯಪ್ ತೋರಿಸಿದ ದಿಕ್ಕಿಗೆ ಅದನ್ನು ಹೊಂದಿಸಿ ಟ್ರೈಪಾಡ್ ಊರಿದ್ದೆ. ಆ್ಯಪ್ ತೋರಿಸುವುದು ಬಯಲಿನ ದಿಗಂತದ ದಿಕ್ಕು. ಚಂದ್ರ ನೆಟ್ಟಗೆ ಏರುವುದಿಲ್ಲ, ಸ್ವಲ್ಪ ಬಲಕ್ಕೆ ವಾಲಿಕೊಂಡು ಏರುತ್ತಾನೆ. ಗುಡ್ಡದ ಹಿಂದೆ ಕಾಣದೆ ಏರಿದ ನಾಲ್ಕೂವರೆ ಡಿಗ್ರಿಯಲ್ಲಿ ಅವನು ಒಂದು ಡಿಗ್ರಿಗೂ ಹೆಚ್ಚು ಬಲಕ್ಕೆ ಸರಿದಿದ್ದ. ಅಂದರೆ ಎರಡು ಚಂದ್ರರನ್ನು ಪಕ್ಕಪಕ್ಕ ಇಡುವಷ್ಟು ದೂರ. ಕಂಬಕ್ಕೆ ಮತ್ತೆ ಹೊಂದಿಸಬೇಕಾದರೆ ನಾನು ಎಡಕ್ಕೆ ಇಪ್ಪತ್ತು ಮೀಟರ್ ಹೋಗಬೇಕಿತ್ತು. ಎಡಕ್ಕೆ ಕಾಳಿ ನದಿ. ಮೊಣಕಾಲುದ್ದ ನೀರಿನವರೆಗೆ ಹೋದೆ. ಟ್ರೈಪಾಡಿನ ಕಾಲುಗಳು ಕೆಸರಿನಲ್ಲಿ ಒಂದೊಂದು ಒಂದೊಂದು ಆಳಕ್ಕೆ ಇಳಿದವು. ದಡದಲ್ಲಿ ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರು ‘ಏನು ಬಿತ್ತು ತಮ್ಮಾ?’ ಎಂದು ಕೂಗಿ ಕೇಳಿದರು. ಏನೂ ಬಿದ್ದಿಲ್ಲ, ಚಂದ್ರನಿಗಾಗಿ ಎಂದೆ. ಅವರು ಒಮ್ಮೆ ಚಂದ್ರನನ್ನೂ ಒಮ್ಮೆ ನನ್ನನ್ನೂ ನೋಡಿ ಬಲೆಗೆ ಮರಳಿದರು.

ಇದೇ ಅಳಿವೆಯ ಮರಳಿನ ಮೇಲೆ 1880ರ ದಶಕದಲ್ಲಿ ಯುವಕ ರವೀಂದ್ರನಾಥ ಟ್ಯಾಗೋರರು ಒಂದು ಬೆಳದಿಂಗಳ ರಾತ್ರಿ ನಡೆದಿದ್ದರು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರು. ದೋಣಿಯಲ್ಲಿ ಕಾಳಿಯ ಮೇಲ್ಗಡೆಗೆ ಹೋಗಿ, ಇಳಿತದ ಸೆಳವಿನಲ್ಲಿ ಮರಳಿ, ಅಳಿವೆಯಲ್ಲಿಳಿದು ಮನೆಗೆ ನಡೆದು ಬಂದುದನ್ನು ಮುಂದೆ ನೆನಪಿಸಿಕೊಂಡು ಬರೆದಿದ್ದಾರೆ. ಅವರ ಕೈಯಲ್ಲಿ ಟ್ರೈಪಾಡ್ ಇರಲಿಲ್ಲ.

ಹೊಸ್ತಿಲ ಹುಣ್ಣಿಮೆಗೆ ಮೋಡ. ಅದರ ಬಗ್ಗೆ ಬರೆಯಲು ಏನೂ ಇಲ್ಲ.

ಬನದ ಹುಣ್ಣಿಮೆಗೆ ಕೂರ್ಮಗಡ ದ್ವೀಪದ ನರಸಿಂಹನ ಜಾತ್ರೆ, ಮನೆಯವರೆಲ್ಲ ದೋಣಿ ಹತ್ತಿದರು, ನಾನೂ ಹತ್ತಿದೆ. ಆದರೆ ಹಿಂದಿನ ಸಂಜೆ ಕೋಡಿಬಾಗದಲ್ಲಿ ಮೊದಲ ಗೋಡೆಚಿತ್ರ ಸಿಕ್ಕಿತು. ಕ್ಯಾಮೆರಾದ ಹೊಂದಿಕೆ 200 ಮಿ.ಮೀ., ಎಫ್ 8, ಐಎಸ್‌ಒ 200, ಸೆಕೆಂಡಿನ 1/60. ಸೂರ್ಯ ಮುಳುಗಿ ಹತ್ತು ನಿಮಿಷವಾಗಿತ್ತು. ಸೇತುವೆಯ ಕಂಬಗಳು ನಸುನೀಲಿ, ದೀಪಗಳಲ್ಲಿ ಅರ್ಧದಷ್ಟೇ ಹೊತ್ತಿವೆ, ಗುಡ್ಡದಲ್ಲಿ ಮರಗಳನ್ನು ಒಂದೊಂದಾಗಿ ಎಣಿಸಬಹುದು, ಚಂದ್ರನ ಮೇಲೆ ಕಲೆಗಳಿವೆ. ಬೆಳಕು ಅಳೆಯಲು ಕ್ಯಾಮೆರಾದ ಮಾತು ಕೇಳಲಿಲ್ಲ. ಚಂದ್ರನ ಬಿಳುಪು ಸುಟ್ಟುಹೋಗದ ಅಂಚಿನಲ್ಲಿ ನಿಲ್ಲಿಸಿ, ನೆಲದ ಕತ್ತಲನ್ನು ಮನೆಗೆ ಬಂದು, ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ರಾ ಕಡತದಲ್ಲಿ ಎತ್ತಿದೆ. ಸುಟ್ಟ ಚಂದ್ರ ಮರಳಿ ಬರುವುದಿಲ್ಲ, ಕತ್ತಲಾದ ನೆಲ ಒಂದಿಷ್ಟು ಬರುತ್ತದೆ.

ರಾತ್ರಿಯ ಚಿತ್ರಗಳಿಗೆ ಬೇರೆ ದಾರಿ ಹಿಡಿದಿದ್ದೇನೆ: ಚಂದ್ರನನ್ನು ಬೆನ್ನಿಗೆ ಹಾಕಿಕೊಂಡು ಅವನನ್ನು ದೀಪವಾಗಿ ಬಳಸುವುದು. ಎಫ್ 3.5, ಐಎಸ್‌ಒ 1600, ಆರು ಸೆಕೆಂಡು. ಟ್ಯಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಚಪಲ್ ಯುದ್ಧನೌಕೆ ಹೀಗೆ ತೆಗೆದಾಗ ಹಗಲಿನಂತೆಯೇ ಕಂಡಿತು. ಆಕಾಶದಲ್ಲಿ ನಕ್ಷತ್ರಗಳಿರುವುದು ನೋಡಿ ಮಾತ್ರ ರಾತ್ರಿ ಎಂದು ತಿಳಿಯಬೇಕು. ಚಂದ್ರನೇ ಚೌಕಟ್ಟಿನಲ್ಲಿದ್ದರೆ ಆರು ಸೆಕೆಂಡು ತೆರೆಯುವಂತಿಲ್ಲ. ಎರಡು ನಿಮಿಷಕ್ಕೆ ತನ್ನ ಅಗಲದಷ್ಟು ಸರಿಯುವವನು ಅವನು, 300 ಮಿ.ಮೀ.ಯಲ್ಲಿ ಅರ್ಧ ಸೆಕೆಂಡಿಗೇ ಅಂಚು ಮೆತ್ತಗಾಗುತ್ತದೆ.

ಭಾರತ ಹುಣ್ಣಿಮೆಯಲ್ಲಿ ಕಚೇರಿ ಕೆಲಸಕ್ಕೆ ಶಿರಸಿಯಲ್ಲಿದ್ದೆ. ಅದರ ಬದಲಿಗೆ ಅಮಾವಾಸ್ಯೆ ಕಳೆದ ಬಿದಿಗೆಯ ಸಂಜೆ ಕಡಲತೀರಕ್ಕೆ ಹೋದೆ. ಈ ಕಾಲದಲ್ಲಿ ನಮ್ಮ ಬಿದಿಗೆ ಚಂದ್ರ ನಿಂತಿರುವುದಿಲ್ಲ, ಎರಡೂ ಕೊಂಬು ಮೇಲೆತ್ತಿ ಪಾತಿ ದೋಣಿಯಂತೆ ಮಲಗಿರುತ್ತಾನೆ. ಬೆಳಗದ ಭಾಗವೂ ಬೂದಿಬಣ್ಣದಲ್ಲಿ ಕಾಣುತ್ತಿತ್ತು. ಅದು ಭೂಮಿಯಿಂದ ಪ್ರತಿಫಲಿಸಿ ಚಂದ್ರನಿಗೆ ತಲುಪಿದ ಬೆಳಕು. ಲಿಯೊನಾರ್ಡೊ ಡ ವಿಂಚಿ ಇದನ್ನು ಐನೂರು ವರ್ಷಗಳ ಹಿಂದೆಯೇ ಊಹಿಸಿದ್ದ. ಚಿತ್ರ ಚೆನ್ನಾಗಿ ಬಂತು, ಆದರೆ ಲೆನ್ಸಿನ ಮೇಲೆ ಉಪ್ಪಿನ ಹನಿ ಕುಳಿತದ್ದು ಮನೆಗೆ ಬಂದ ಮೇಲೆ ಗೊತ್ತಾಯಿತು. ಗೋಡೆಗೆ ಏರಲಿಲ್ಲ.

ಹೋಳಿ ಹುಣ್ಣಿಮೆಯ ಬೆಳಿಗ್ಗೆ. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ ಚಂದ್ರ ಕಡಲಿನ ಮೇಲೆ ತಗ್ಗಿ ಕಾಣಬೇಕಾದರೆ ನಸುಕಿನಲ್ಲೇ ಏಳಬೇಕು, ಏಕೆಂದರೆ ಅವನು ಹುಟ್ಟುವುದು ಗುಡ್ಡದಲ್ಲಿ, ಮುಳುಗುವುದು ನೀರಿನಲ್ಲಿ. ಐದೂವರೆಗೆ ಟ್ಯಾಗೋರ್ ತೀರದಲ್ಲಿದ್ದೆ. ನೀರು ಬಹಳ ಹಿಂದೆ ಹೋಗಿತ್ತು, ಒದ್ದೆ ಮರಳು ಕನ್ನಡಿ. ದೇವಗಡ ದ್ವೀಪದ ದೀಪಸ್ತಂಭ ಬಹುತೇಕ ಪಶ್ಚಿಮಕ್ಕೆ, ಇನ್ನೂ ಮಿನುಗುತ್ತಿತ್ತು. ತೀರದಲ್ಲಿ ದಕ್ಷಿಣೋತ್ತರವಾಗಿ ನಡೆದು ಚಂದ್ರನನ್ನು ದ್ವೀಪದ ನೇರಕ್ಕೆ ತಂದೆ. ಈ ಸಲ ನದಿ ಅಡ್ಡ ಬರಲಿಲ್ಲ. ಬೆಳಕು ಹರಿಯುತ್ತಿದ್ದಂತೆ ಪಶ್ಚಿಮದಲ್ಲಿ ಎರಡು ಪಟ್ಟಿಗಳು ಎದ್ದವು: ಮೇಲೆ ಗುಲಾಬಿ, ಕೆಳಗೆ ಬೂದುನೀಲಿ. ಕೆಳಗಿನದು ಭೂಮಿಯದೇ ನೆರಳು. ಚಂದ್ರ ಗುಲಾಬಿಯಲ್ಲಿದ್ದಾಗ ಬೆಣ್ಣೆಯಂತಿದ್ದವನು ನೀಲಿಗಿಳಿದಾಗ ಹುಣಸೆಹಣ್ಣು ಹಚ್ಚದ ಹಿತ್ತಾಳೆ ಹರಿವಾಣದಂತಾದ. ಕೆಳ ಅಂಚು ತುಸು ಚಪ್ಪಟೆ. ದೀಪ ಮಿನುಗುವ ಲಯವನ್ನು ಬಾಯಲ್ಲಿ ಎಣಿಸುತ್ತ, ಒಂದರ ಹಿಂದೊಂದು ಮೂವತ್ತು ಚಿತ್ರ ತೆಗೆದೆ. ಎರಡರಲ್ಲಿ ದೀಪವೂ ಸಿಕ್ಕಿದೆ, ಅವುಗಳಲ್ಲಿ ಒಂದು ಎರಡನೆಯ ಗೋಡೆಚಿತ್ರ. ನೀರು ಮುಟ್ಟುವ ತನಕ ಅವನು ಉಳಿಯಲಿಲ್ಲ. ಕಡಲಿಗೆ ಒಂದು ಬೆರಳಗಲ ಇರುವಾಗಲೇ ಮಬ್ಬಿನಲ್ಲಿ ಕರಗಿದ.

ದವನದ ಹುಣ್ಣಿಮೆಗೆ ಮತ್ತೆ ಅದೇ ಜಾಗ, ದೀಪಸ್ತಂಭಕ್ಕೆ ತಾಗಿದಂತೆ. ಚಂದ್ರ ಆಗ ಇನ್ನೂ ಎಡಕ್ಕೆ ಮುಳುಗುವುದರಿಂದ ನಾನು ತೀರದಲ್ಲಿ ಉತ್ತರಕ್ಕೆ ಸರಿಯಬೇಕು. ಎಷ್ಟು ಎಂಬುದನ್ನು ಹಿಂದಿನ ದಿನವೇ ಹೋಗಿ ಹೆಜ್ಜೆ ಹಾಕಿ ನೋಡುತ್ತೇನೆ. ಮಳೆಗಾಲಕ್ಕೆ ಮೊದಲು ಉಳಿದಿರುವುದು ಅದೂ ವೈಶಾಖದ ‘ಆಗಿ ಹುಣ್ಣಿಮೆ’ಯೂ ಮಾತ್ರ. ಆಮೇಲೆ ಲೆನ್ಸುಗಳು ಸಿಲಿಕಾ ಜೆಲ್ ಹಾಕಿದ ಡಬ್ಬಿಗೆ. ಎರಡು ವರ್ಷದ ಹಿಂದೆ ಹೊರಗೇ ಬಿಟ್ಟು ಒಂದಕ್ಕೆ ಬೂಷ್ಟು ಹಿಡಿಸಿಕೊಂಡಿದ್ದೇನೆ. ಸದ್ಯಕ್ಕೆ ಟ್ರೈಪಾಡಿನ ಒಂದು ಕಾಲು ಮರಳು ಸಿಕ್ಕಿ ಮಡಚುತ್ತಿಲ್ಲ. ಬಾವಿಕಟ್ಟೆಯ ಬಕೆಟ್ಟಿನಲ್ಲಿ ಸಿಹಿನೀರಿಗೆ ಹಾಕಿ ನೆನೆಸಿದ್ದೇನೆ, ಬಟ್ಟೆ ಒಗೆಯಲು ಬಕೆಟ್ ಬೇಕು ಎಂದು ಆಯಿ ಎರಡು ಸಲ ಕೇಳಿದ್ದಾಳೆ.